ಸಹಾಯಾರ್ಥ ಸಂಗೀತ ಸಭೆ: ಆಸನ, ಬೆಲೆ ಮತ್ತು ದಾನ

ದೊಡ್ಡ ಗಾಯಕರೊಬ್ಬರ ಸಹಾಯಾರ್ಥ ಕಛೇರಿಯ ಪ್ರಕಟಣೆ ಹೊರಬಿದ್ದಿತೆಂದರೆ, ಮುಂಬಯಿಯ ಕನ್ನಡಿಗರಲ್ಲಿ ಅದರ ಚರ್ಚೆ ಮೊದಲು ನಡೆಯುವುದು ಸಭಾಗೃಹದಲ್ಲಲ್ಲ, ಲೋಕಲ್ ಗಾಡಿಯಲ್ಲಿ. ಜೋಗೇಶ್ವರಿ ನಿಲ್ದಾಣದ ಮೂಡಣ ಬದಿಯಲ್ಲಿ, ಸಂಜೆ ಕೆಲಸ ಮುಗಿಸಿ ಇಳಿದ ನಾಲ್ವರು ರಸಿಕರು ಚಹಾದ ಲೋಟ ಹಿಡಿದು ನಿಂತಿರುವಾಗ ಇಂಥ ಮಾತು ಕಿವಿಗೆ ಬೀಳುವುದು ಅಪೂರ್ವವೇನಲ್ಲ: "ಅಲ್ಲ ಮಾರಾಯ್ರೇ, ಇನ್ನೂರು ರೂಪಾಯಿಯ ಟಿಕೇಟು ಎಂದೋ ಮುಗಿಯಿತಂತೆ. ಸಾವಿರದ್ದು ಮಾತ್ರ ಉಂಟಂತೆ." "ಸಾವಿರದ್ದಾದರೂ ಎಲ್ಲಿದೆ ರಾಯರೇ? ಮುಂದಿನ ಐದು ಸಾಲು ಪಾಸಿನವರಿಗೆ." "ಇರಲಿ ಬಿಡಿ, ಧರ್ಮಕ್ಕೆ ಕೊಡುವುದಲ್ಲವೇ? ಎಲ್ಲಿ ಕೂತರೇನು?" "ಧರ್ಮಕ್ಕೇ ಆದರೆ ಪಾಸು ಯಾಕೆ?"

ಮೇಲುನೋಟಕ್ಕೆ ಇದು ಹರಟೆ. ಆದರೆ ಈ ನಾಲ್ಕು ವಾಕ್ಯಗಳಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಸಹಾಯಾರ್ಥ ಕಾರ್ಯಕ್ರಮದ ಟಿಕೇಟು ಎಂದರೆ ವಸ್ತುತಃ ಏನು? ಅದು ಕೇಳಿದ ಸಂಗೀತಕ್ಕೆ ತೆತ್ತ ಬೆಲೆಯೇ, ನೊಂದವರಿಗೆ ಸಲ್ಲಿಸಿದ ದಾನವೇ, ಅಥವಾ ಎರಡು ಅಡಿ ಅಗಲದ ಒಂದು ಕುರ್ಚಿಯ ಮೇಲಣ ಹಕ್ಕೇ? ಅದು ಏಕಕಾಲದಲ್ಲಿ ಮೂರೂ ಆಗಿದೆ ಎಂಬುದೇ ಉತ್ತರ. ರಸಿಕರ ಜಗಳಕ್ಕೆ ಕಾರಣವೂ ಅದೇ. ಒಬ್ಬನು ಅದನ್ನು ದಾನವೆಂದು ಬಗೆದು ಹಿಂದಿನ ಸಾಲಿಗೆ ತೃಪ್ತನಾಗುತ್ತಾನೆ. ಇನ್ನೊಬ್ಬನು ಬೆಲೆಯೆಂದು ಬಗೆದು ಸರಿಯಾದ ಸರಕನ್ನು ಕೇಳುತ್ತಾನೆ. ಮತ್ತೊಬ್ಬನು ಹಕ್ಕೆಂದು ಬಗೆದು, ತನಗಿಲ್ಲದ ಕುರ್ಚಿ ಹಣ ಕೊಡದವನಿಗೆ ಹೇಗೆ ದೊರೆಯಿತೆಂದು ಪ್ರಶ್ನಿಸುತ್ತಾನೆ. ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಈ ಮೂರು ಅಂಶಗಳನ್ನು ಬಿಡಿಸಿ ನೋಡಿದಲ್ಲದೆ ಹಂಚಿಕೆಯ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

ಆಸನ ಮತ್ತು ದಾನಗಳ ಸಂಬಂಧ ಎಷ್ಟು ಹಳೆಯದು, ಎಷ್ಟು ನೇರವಾದುದು ಎಂಬುದಕ್ಕೆ ಯುರೋಪಿನ ಸಂಗೀತ ಚರಿತ್ರೆಯಲ್ಲಿ ಒಂದು ಸೊಗಸಾದ ನಿದರ್ಶನವಿದೆ. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹ್ಯಾಂಡೆಲನ 'ಮೆಸ್ಸಾಯ' ಕೃತಿಯ ಮೊದಲ ಪ್ರಯೋಗ ನಡೆದುದು ಸಹಾಯಾರ್ಥವಾಗಿಯೇ. ಸಾಲ ತೀರಿಸಲಾರದೆ ಸೆರೆಮನೆ ಸೇರಿದ್ದ ಬಡವರ ಬಿಡುಗಡೆ ಮತ್ತು ಎರಡು ಆಸ್ಪತ್ರೆಗಳ ನೆರವು ಅದರ ಉದ್ದೇಶ. ಸಭಾಗೃಹದಲ್ಲಿ ಸುಮಾರು 600 ಜನರಿಗೆ ಸ್ಥಳವಿತ್ತು. ಮಹಿಳೆಯರು ಲಂಗದೊಳಗಣ ಅಗಲವಾದ ಬಳೆಗಟ್ಟುಗಳನ್ನು ಬಿಟ್ಟು, ಗಂಡಸರು ಸೊಂಟದ ಕತ್ತಿಯನ್ನು ಮನೆಯಲ್ಲಿಟ್ಟು ಬರಬೇಕೆಂದು ವ್ಯವಸ್ಥಾಪಕರು ಪತ್ರಿಕೆಗಳ ಮೂಲಕ ವಿನಂತಿಸಿಕೊಂಡರು. ಜನರು ಒಪ್ಪಿದರು, 700 ಮಂದಿ ಕುಳಿತು ಕೇಳಿದರು. ಕೂಡಿಬಂದ ಸುಮಾರು 400 ಪೌಂಡುಗಳಲ್ಲಿ ಸೆರೆಯಾಳುಗಳಿಗೆ ಸಂದ ಪಾಲಿನಿಂದ 142 ಮಂದಿ ಬಿಡುಗಡೆ ಹೊಂದಿದರು. ಶ್ರೀಮಂತಿಕೆಯ ಒಂದು ಅಲಂಕಾರವನ್ನು ಕಳಚಿಟ್ಟುದರಿಂದ ಒಂದು ನೂರು ಆಸನಗಳು ಹೆಚ್ಚಿದುವು. ಸಹಾಯಾರ್ಥ ಸಭೆಯ ಅರ್ಥಶಾಸ್ತ್ರದ ಮೊದಲ ಪಾಠ ಇಲ್ಲಿದೆ: ಪ್ರತಿಷ್ಠೆಯು ಆಕ್ರಮಿಸಿದ ಸ್ಥಳವೆಲ್ಲವೂ ದೀನರ ಪಾಲಿನಿಂದ ಕಳೆದುಹೋದ ಸ್ಥಳ.

ಮುಂಬಯಿಯ ಮಟ್ಟಿಗೆ ಈ ಪರಂಪರೆಯಲ್ಲಿ ಮರೆಯಲಾಗದ ದಿನ 1921ರ ಜುಲೈ 8. ಮರಾಠಿ ರಂಗಭೂಮಿಯ ಇಬ್ಬರು ಪ್ರತಿಸ್ಪರ್ಧಿ ನಟರು, ಬಾಲಗಂಧರ್ವರು ಮತ್ತು ಕೇಶವರಾವ್ ಭೋಸಲೆಯವರು, ಟಿಳಕ್ ಸ್ವರಾಜ್ಯ ನಿಧಿಗಾಗಿ ಅಂದು ಒಂದೇ ವೇದಿಕೆಯ ಮೇಲೆ 'ಮಾನಾಪಮಾನ' ನಾಟಕವನ್ನು ಆಡಿದರು. ಭೋಸಲೆಯವರ 'ಲಲಿತಕಲಾದರ್ಶ' ಮಂಡಳಿ 1908ರಲ್ಲಿ ಹುಟ್ಟಿದುದು ಹುಬ್ಬಳ್ಳಿಯಲ್ಲಿ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಖಾಡಿಲ್ಕರರ ಆ ನಾಟಕದ ವಸ್ತುವೇ ಧನ ಮತ್ತು ಶೌರ್ಯಗಳ ತೂಗಾಟ: ಸಿರಿವಂತರ ಮಗಳು ಭಾಮಿನಿ ಬಡ ಯೋಧನಾದ ಧೈರ್ಯಧರನನ್ನು ಮೊದಲು ತಿರಸ್ಕರಿಸಿ ಕೊನೆಗೆ ಅವನ ಬೆಲೆಯನ್ನು ಅರಿಯುತ್ತಾಳೆ. ಆ ರಾತ್ರಿಯ ಆಸನಗಳ ದರವನ್ನಾದರೋ ಅಂದಿನ ಕಾಲಕ್ಕೆ ಅಸಾಧಾರಣವಾಗಿ ಏರಿಸಲಾಗಿತ್ತು. ಧನಕ್ಕಿಂತ ಗುಣ ಮೇಲೆಂದು ಸಾರುವ ನಾಟಕವನ್ನು ಧನವಿದ್ದವರೇ ಹತ್ತಿರದಿಂದ ನೋಡಿದರೆಂಬ ವಿನೋದ ಇಲ್ಲಿದ್ದರೂ, ಅದನ್ನು ಅನ್ಯಾಯವೆಂದು ಕರೆಯುವಂತಿಲ್ಲ. ಏರಿಸಿದ ದರವು ನಿಧಿಗೆ ಸಲ್ಲತಕ್ಕದ್ದೆಂಬುದು ಎಲ್ಲರಿಗೂ ತಿಳಿದಿತ್ತು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಭೋಸಲೆಯವರು ತೀರಿಕೊಂಡುದರಿಂದ ಆ ಪ್ರಯೋಗದ ಸ್ಮೃತಿ ಮತ್ತಷ್ಟು ಪವಿತ್ರವಾಯಿತು.

ಈಗ ಹಂಚಿಕೆಯ ಕ್ರಮಗಳನ್ನು ನೋಡಬಹುದು. ಆಸನಗಳು ಕಡಮೆಯಿದ್ದು ಕೇಳುವವರು ಹೆಚ್ಚಿದ್ದಾಗ ಅವುಗಳನ್ನು ಹಂಚಲು ಲೋಕದಲ್ಲಿ ಐದು ದಾರಿಗಳಿವೆ: ಬೆಲೆ, ಸರದಿ, ಚೀಟಿ, ದುಡಿಮೆ, ಪರಿಚಯ.

ಬೆಲೆಯ ದಾರಿಯನ್ನು 1921ರ ಪ್ರಯೋಗವೇ ತೋರಿಸಿದೆ. ನಿಧಿಗೆ ಅದು ಲಾಭಕರ. ಆದರೆ ಬಡ ರಸಿಕನನ್ನು ಅದು ಹೊರಗಿಡುತ್ತದೆ. ಆದುದರಿಂದಲೇ ತಿಳಿದವರು ದರ್ಜೆಗಳನ್ನು ಮಾಡುತ್ತಾರೆ. ಪುಣೆಯಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಸಹಾಯಾರ್ಥವಾದುದಲ್ಲ. ಆದರೂ ಅಲ್ಲಿ ಕುರ್ಚಿಯ ದರ ಬೇರೆ, ನೆಲದ ಮೇಲಣ ಬೈಠಕ್ಕಿನ ದರ ಬೇರೆ ಎಂಬ ಏರ್ಪಾಡು ಸಾಮಾನ್ಯ ರಸಿಕನಿಗೂ ಬಾಗಿಲು ತೆರೆದಿದೆ. ಕರಾವಳಿಯ ಡೇರೆ ಮೇಳದ ಆಟಗಳಲ್ಲಿ ಆರಾಮ ಕುರ್ಚಿ, ಕುರ್ಚಿ, ನೆಲ ಎಂಬ ವಿಭಾಗವಿದ್ದುದು ಇದೇ ತತ್ತ್ವದ ಮೇಲೆ. ನೆಲದವನ ಚಪ್ಪಾಳೆಯಿಲ್ಲದೆ ಆಟ ಕಳೆಗಟ್ಟದೆಂಬುದನ್ನು ಮೇಳದ ಯಜಮಾನರು ಬಲ್ಲವರಾಗಿದ್ದರು.

ಸರದಿಯು ನೋಡಲು ಸಮಾನತೆಯ ಮೂರ್ತಿ. ಮೊದಲು ಬಂದವನಿಗೆ ಮೊದಲು. ಆದರೆ ಸರದಿಯಲ್ಲಿ ನಿಲ್ಲಲು ಬಿಡುವು ಬೇಕು. ಹೋಟೆಲಿನಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಆ ಬಿಡುವು ಎಲ್ಲಿಯದು? ಗಣಕದ ಮೂಲಕ ನಡೆಯುವ ಸರದಿಯೂ ಇದಕ್ಕಿಂತ ಉತ್ತಮವಾಗಿಲ್ಲ. ನವಿ ಮುಂಬಯಿಯಲ್ಲಿ 2025ರ ಜನವರಿಯಲ್ಲಿ ನಡೆದ 'ಕೋಲ್ಡ್‌ಪ್ಲೇ' ತಂಡದ ಕಾರ್ಯಕ್ರಮಗಳಿಗೆ 2024ರ ಸೆಪ್ಟೆಂಬರ್ 22ರಂದು ಟಿಕೇಟು ಮಾರಾಟಕ್ಕೆ ಬಂದಾಗ ಲಕ್ಷಾಂತರ ಜನ ಒಮ್ಮೆಗೇ ನುಗ್ಗಿ, ಬಹುಮಂದಿ ಬರಿಗೈಯಲ್ಲಿ ಉಳಿದರು. ಅವೇ ಟಿಕೇಟುಗಳು ಅನೇಕ ಪಾಲು ಹೆಚ್ಚಿನ ದರಕ್ಕೆ ಮರುಮಾರಾಟಕ್ಕೆ ಬಂದುವು. ಅದು ವ್ಯಾಪಾರದ ಕಾರ್ಯಕ್ರಮ, ಸಹಾಯಾರ್ಥವಲ್ಲ. ಆದರೂ ಪಾಠ ಸ್ಪಷ್ಟವಾಗಿದೆ. ಕಾಳಸಂತೆಯವನು ಪಡೆದ ಹೆಚ್ಚಿನ ಹಣ ಗಾಯಕನಿಗೂ ಸಲ್ಲದು, ದೀನನಿಗೂ ಸಲ್ಲದು.

ಚೀಟಿಯ ದಾರಿಗೆ ಪ್ರಸಿದ್ಧವಾದ ದೃಷ್ಟಾಂತ ಲಂಡನ್ನಿನದು. ಸಂಗೀತ ಪ್ರಕಾಶಕ ಅಹ್ಮೆತ್ ಅರ್ಟೆಗನ್ ಅವರ ಸ್ಮರಣೆಗಾಗಿ, ಅವರ ಹೆಸರಿನ ವಿದ್ಯಾನಿಧಿಯ ಸಹಾಯಾರ್ಥ, 'ಲೆಡ್ ಜೆಪ್ಪೆಲಿನ್' ತಂಡವು ಎಷ್ಟೋ ಕಾಲದ ಮೇಲೆ 2007ರ ಡಿಸೆಂಬರ್ 10ರಂದು ಮತ್ತೆ ಒಂದುಗೂಡಿ ಹಾಡಿತು. ಇದ್ದುದು ಸುಮಾರು 20,000 ಆಸನ. ಬಂದ ಕೋರಿಕೆಗಳು ಎರಡು ಕೋಟಿಯೆಂದು ವರದಿಯಾಯಿತು. 125 ಪೌಂಡಿನ ಟಿಕೇಟನ್ನು ಯಾರು ಕೊಳ್ಳಬಹುದೆಂಬುದನ್ನು ಚೀಟಿಯೆತ್ತಿ ನಿರ್ಧರಿಸಿದರು. ಗೆದ್ದವನು ತನ್ನ ಗುರುತನ್ನು ತೋರಿಸಿದರೇ ಟಿಕೇಟು. ಅಭಿಮಾನಿಗಳು ಈ ಕ್ರಮವನ್ನು ಬಹಳವಾಗಿ ಚರ್ಚಿಸಿದರು. ನಲವತ್ತು ವರ್ಷ ಹಾಡನ್ನು ಆರಾಧಿಸಿದವನೂ ನಿನ್ನೆ ಹೆಸರು ಕೇಳಿದವನೂ ಚೀಟಿಯ ಮುಂದೆ ಒಂದೇ ಆದರೆಂಬುದು ಅವರ ನೋವು. ಆದರೆ ಚೀಟಿಯು ಯಾರ ಮುಖವನ್ನೂ ನೋಡುವುದಿಲ್ಲ ಎಂಬುದೇ ಅದರ ಗುಣ.

ನಾಲ್ಕನೆಯ ದಾರಿಯಾದ ದುಡಿಮೆಯನ್ನು ಮುಂಬಯಿ 2016ರ ನವೆಂಬರ್ 19ರಂದು ಕಂಡಿತು. ಬಾಂದ್ರಾ ಕುರ್ಲಾ ಸಂಕುಲದ ಮೈದಾನದಲ್ಲಿ ನಡೆದ 'ಗ್ಲೋಬಲ್ ಸಿಟಿಜನ್' ಉತ್ಸವದಲ್ಲಿ, ಶಿಕ್ಷಣ, ನೈರ್ಮಲ್ಯ ಮೊದಲಾದ ಲೋಕಹಿತದ ವಿಷಯಗಳಲ್ಲಿ ಏನಾದರೂ ಕೆಲಸ ಮಾಡಿ ಅಂಕ ಗಳಿಸಿದವರಿಗೆ ಟಿಕೇಟು ಉಚಿತವಾಗಿ ದೊರೆಯುವಂತೆ ಏರ್ಪಾಡಿತ್ತು. ಹಣ ಕೊಟ್ಟು ಕೊಳ್ಳುವ ಟಿಕೇಟುಗಳೂ ಇದ್ದುವು. ನೋಟುಗಳ ಅಮಾನ್ಯೀಕರಣವಾಗಿ ಆಗ ಹನ್ನೊಂದೇ ದಿನಗಳಾಗಿದ್ದುವು. ಬ್ಯಾಂಕಿನ ಮುಂದೆ ಸರದಿ ನಿಂತ ನಗರಕ್ಕೆ ಹಣವಿಲ್ಲದ ಟಿಕೇಟಿನ ಕಲ್ಪನೆ ವಿಶೇಷವಾಗಿಯೇ ತೋರಿರಬೇಕು.

ಉಳಿದುದು ಪರಿಚಯದ ದಾರಿ. ಸಂಘಸಂಸ್ಥೆಗಳು ನಡೆಸುವ ಸಹಾಯಾರ್ಥ ಸಭೆಗಳೆಲ್ಲವೂ ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆದಿವೆ. ಸಮಿತಿಯ ಪ್ರತಿಯೊಬ್ಬ ಸದಸ್ಯನಿಗೂ ಟಿಕೇಟಿನ ಪುಸ್ತಕಗಳನ್ನು ಕೊಡುವುದು. ಅವನು ತನ್ನ ಕಚೇರಿಯಲ್ಲಿ, ನೆಂಟರಿಷ್ಟರಲ್ಲಿ, ಊರಿನವರ ಹೋಟೆಲುಗಳಲ್ಲಿ ಅವನ್ನು ಮಾರುವುದು. ಮಾರಿದ ಹಣವನ್ನೂ ಕೌಂಟರ್‌ಫಾಯಿಲುಗಳನ್ನೂ ಉಳಿದ ಟಿಕೇಟುಗಳನ್ನೂ ಸಭೆಗೆ ಮುಂಚೆ ಒಪ್ಪಿಸುವುದು. ಇದಕ್ಕೆ ಜೊತೆಯಾಗಿ ಸ್ಮರಣ ಸಂಚಿಕೆ ಹೊರಡುತ್ತದೆ; ಅದರ ಜಾಹೀರಾತುಗಳೂ ನಿಧಿಗೆ ದೊಡ್ಡ ಆಧಾರ. ಪರಊರಿನಲ್ಲಿ ನೆಲೆಸಿದ ಜನಕ್ಕೆ ಈ ಕ್ರಮ ಸಹಜವಾದುದು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಸಮಾಜಕ್ಕೆ ಬಂಧುತ್ವವಲ್ಲದೆ ಬೇರೆ ಬಂಡವಾಳ ಯಾವುದಿತ್ತು? ಆದರೆ ಈ ಬಂಡವಾಳವೂ ಸವೆಯತಕ್ಕದ್ದೇ. ಅದು ಸವೆಯುವುದು ಎರಡು ಬಗೆಯಲ್ಲಿ.

ಒಂದನೆಯದು, ಲೆಕ್ಕ ತುಂಬಿ ಸಭೆ ಬರಿದಾಗುವುದು. ದಾಕ್ಷಿಣ್ಯಕ್ಕೆ ಟಿಕೇಟು ಕೊಂಡವನು ಅದನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ಮರೆಯುತ್ತಾನೆ. ಅವನಿಗೆ ಸಂಗೀತ ಬೇಕಿರಲಿಲ್ಲ. ಕೇಳಿದವನ ಮುಖ ಉಳಿಸುವುದು ಬೇಕಿತ್ತು. ಹೀಗೆ ಮಾರಿಹೋದ ಕುರ್ಚಿಗಳು ಸಂಜೆ ಬರಿದಾಗಿಯೇ ಇರುತ್ತವೆ. ಅದೇ ವೇಳೆಗೆ, ಜೋಗೇಶ್ವರಿಯಲ್ಲಿ ಹಾರ್ಬರ್ ಮಾರ್ಗದ ಗಾಡಿ ಹತ್ತಿ ಕಿಂಗ್ಸ್ ಸರ್ಕಲ್ಲಿನಲ್ಲಿ ಇಳಿದು ಷಣ್ಮುಖಾನಂದ ಸಭಾಗೃಹದ ಬಾಗಿಲಿಗೆ ಬಂದ ನಿಜವಾದ ರಸಿಕನು 'ಟಿಕೇಟು ಮುಗಿದಿದೆ' ಎಂಬ ಫಲಕವನ್ನು ಓದಿ ಹಿಂದಿರುಗುತ್ತಾನೆ. ಎರಡೂವರೆ ಸಾವಿರಕ್ಕೂ ಮಿಕ್ಕ ಆಸನಗಳುಳ್ಳ ಆ ವಿಶಾಲವಾದ ಸಭೆಯಲ್ಲಿ ಬರಿದಾದ ಸಾಲುಗಳ ಮುಂದೆ ಹಾಡುವ ಕಲಾವಿದನ ಮನಸ್ಸನ್ನೂ ಊಹಿಸಿಕೊಳ್ಳಬೇಕು.

ಎರಡನೆಯದು ಇದರ ವಿಪರೀತ: ಸಭೆ ತುಂಬಿ ಲೆಕ್ಕ ಬರಿದಾಗುವುದು. ಇದಕ್ಕೆ ಕಾರಣ ಪಾಸು. ಪಾಸಿನಿಂದಾಗುವ ನಷ್ಟವನ್ನು ಬಹುಮಂದಿ ಸರಿಯಾಗಿ ಅಳೆಯುವುದಿಲ್ಲವಾದುದರಿಂದ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುವುದು ಯುಕ್ತ. 800 ಆಸನಗಳ ಒಂದು ಸಭಾಗೃಹವಿದೆಯೆಂದು ಹಿಡಿಯೋಣ. 1000 ರೂಪಾಯಿಯ ಆಸನ 100, 500 ರೂಪಾಯಿಯವು 300, 200 ರೂಪಾಯಿಯವು 400. ಎಲ್ಲವೂ ಮಾರಿದರೆ ಬರುವುದು 1,00,000, 1,50,000 ಮತ್ತು 80,000, ಒಟ್ಟು 3,30,000 ರೂಪಾಯಿ. ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಪಕ್ಕವಾದ್ಯದವರ ಸಂಭಾವನೆ, ಪ್ರಯಾಣ, ಮುದ್ರಣ ಇವುಗಳಿಗೆ 1,80,000 ತಗಲುವುದೆಂದರೆ ನಿಧಿಗೆ ಉಳಿಯುವುದು 1,50,000. ಈಗ ಮುಂದಿನ ಸಾಲುಗಳಲ್ಲಿ 80 ಪಾಸುಗಳನ್ನು ಹಂಚಲಾಯಿತೆನ್ನೋಣ. 800ರಲ್ಲಿ 80, ಹತ್ತರಲ್ಲಿ ಒಂದು ಪಾಲು ಮಾತ್ರ, ಎಂದು ಸಮಿತಿ ಸಮಾಧಾನಪಟ್ಟುಕೊಳ್ಳುತ್ತದೆ. ಆದರೆ ವರಮಾನದಲ್ಲಿ ಕಳೆದುದು 80,000. ಖರ್ಚಿನಲ್ಲಿ ಒಂದು ಕಾಸೂ ಕಡಮೆಯಾಗದಿರುವುದರಿಂದ ನಿಧಿಗೆ ಉಳಿದುದು 70,000 ಮಾತ್ರ. ಎಂದರೆ ಹತ್ತನೆಯ ಒಂದು ಪಾಲು ಆಸನಗಳು ಸಹಾಯದ ಅರ್ಧಕ್ಕಿಂತ ಹೆಚ್ಚನ್ನು ನುಂಗಿದುವು.

ಇದರ ಮರ್ಮ ಇಷ್ಟೇ. ಖರ್ಚು ಸ್ಥಿರವಾದುದು, ಅದು ಮೊದಲು ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಎಲ್ಲಕ್ಕಿಂತ ಕೊನೆಯಲ್ಲಿ ಕೈಯೊಡ್ಡಿ ನಿಂತವನು ಯಾರ ಹೆಸರಿನಲ್ಲಿ ಸಭೆ ನಡೆಯಿತೋ ಅವನು: ಶಸ್ತ್ರಚಿಕಿತ್ಸೆಗೆ ಕಾದ ರೋಗಿ, ಶುಲ್ಕ ಕಟ್ಟಲಾರದ ವಿದ್ಯಾರ್ಥಿ, ಮುಪ್ಪಿನಲ್ಲಿ ನೆಲೆತಪ್ಪಿದ ಕಲಾವಿದ. ಆದುದರಿಂದ ಪ್ರತಿಯೊಂದು ಪಾಸೂ ಅವನ ಜೇಬಿನಿಂದಲೇ ಹೋಗುತ್ತದೆ, ಸಂಸ್ಥೆಯ ಜೇಬಿನಿಂದಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಲಾವಿದರ ಸಂಭಾವನೆಯ ವಿಷಯವೂ ಇಲ್ಲಿಯೇ ಬರುತ್ತದೆ. ಕಲಾವಿದನು ತನ್ನ ಸಂಭಾವನೆಯನ್ನು ಬಿಟ್ಟುಕೊಟ್ಟಾಗ ಮಾತ್ರ ಟಿಕೇಟಿನ ದೊಡ್ಡ ಭಾಗ ದಾನವಾಗುತ್ತದೆ. ಎಂ. ಎಸ್. ಸುಬ್ಬುಲಕ್ಷ್ಮಿಯವರು 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಹಾಡಿದುದರಿಂದ ಮೊದಲುಮಾಡಿ ಜೀವಮಾನವಿಡೀ ನೂರಾರು ಸಹಾಯಾರ್ಥ ಕಛೇರಿಗಳನ್ನು ನಡೆಸಿದರು. 1974ರಲ್ಲಿ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಸಂಗೀತದ ವಿಭಾಗದಲ್ಲಿ ಬಂದುದಲ್ಲ, ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಬಂದುದು ಎಂಬುದು ಗಮನಾರ್ಹ. ಎಲ್ಲ ಕಲಾವಿದರಿಂದಲೂ ಇಂಥ ತ್ಯಾಗವನ್ನು ಕೇಳುವುದು ನ್ಯಾಯವಲ್ಲ. ಪಕ್ಕವಾದ್ಯದವನಿಗೆ ಅಂದಿನ ಸಂಭಾವನೆಯೇ ಅನ್ನ. ಆದರೆ ಪೂರ್ಣ ಸಂಭಾವನೆ ಕೊಟ್ಟು ನಡೆಸಿದ ಸಭೆಯನ್ನು, ಸಂಭಾವನೆಯಿಲ್ಲದೆ ನಡೆದ ಸಭೆಯಂತೆಯೇ 'ಸಹಾಯಾರ್ಥ' ಎಂದು ಕರೆಯುವಾಗ ಎರಡರ ಅಂತರವನ್ನು ಜನರಿಗೆ ತಿಳಿಸುವುದು ಕರ್ತವ್ಯ.

ಹಣ ಕೂಡಿದ ಮೇಲೂ ಅದು ಗುರಿ ಸೇರುವುದು ನಿಶ್ಚಿತವಲ್ಲ. ಪಂಡಿತ ರವಿಶಂಕರರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಏರ್ಪಡಿಸಿದ ಎರಡು ಪ್ರದರ್ಶನಗಳಿಗೆ ಸುಮಾರು 40,000 ಜನ ಬಂದರು. ಬಾಗಿಲಿನ ಹಣ, ಸುಮಾರು 2,43,000 ಡಾಲರು, ಯುನಿಸೆಫ್ ಸಂಸ್ಥೆಗೆ ಸಂದಿತು. ಆದರೆ ಧ್ವನಿಮುದ್ರಿಕೆ ಮತ್ತು ಚಿತ್ರಗಳಿಂದ ಬಂದ ಇದಕ್ಕೂ ದೊಡ್ಡ ಮೊತ್ತ, ಕಾರ್ಯಕ್ರಮವನ್ನು ಮುಂಚಿತವಾಗಿ ಧರ್ಮಸಂಸ್ಥೆಯ ಮೂಲಕ ಕ್ರಮಬದ್ಧಗೊಳಿಸದೆ ಇದ್ದುದರಿಂದ, ಅಮೆರಿಕೆಯ ತೆರಿಗೆ ಇಲಾಖೆಯ ವಿವಾದದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಹಸಿದವನಿಗೆ ತಡವಾದ ಅನ್ನ ಅರ್ಧ ಅನ್ನ.

ಜೋಗೇಶ್ವರಿಯ ನೆರೆಯ ಅಂಧೇರಿಯ ಕ್ರೀಡಾ ಸಂಕುಲದಲ್ಲಿ 1996ರ ನವೆಂಬರ್ 1ರಂದು ಮೈಕೆಲ್ ಜ್ಯಾಕ್ಸನ್ ಹಾಡಿ ಕುಣಿದ ಸಭೆಯೂ ಶಿವ ಉದ್ಯೋಗ ಸೇನೆಯ ಸಹಾಯಾರ್ಥವೆಂದು ನಡೆಯಿತು. ರಾಜ್ಯ ಸರಕಾರ ಅದಕ್ಕೆ ಮನೋರಂಜನಾ ಕರದಿಂದ ವಿನಾಯಿತಿ ನೀಡಿತು. ಮುಂಬಯಿ ಗ್ರಾಹಕ ಪಂಚಾಯತ್ ಇದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಮೂರು ಕೋಟಿ ರೂಪಾಯಿಗೂ ಮಿಕ್ಕ ಕರದ ಆ ವಿವಾದದಲ್ಲಿ 2011ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ರದ್ದುಪಡಿಸಿ ಮರುಪರಿಶೀಲನೆಗೆ ಸೂಚಿಸಿತು. 2021ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಮತ್ತೆ ವಿನಾಯಿತಿಗೆ ಒಪ್ಪಿತು. ಒಂದು ಸಂಜೆಯ ಸಂಗೀತಕ್ಕೆ ಕಾಲು ಶತಮಾನದ ಲೆಕ್ಕ! ಸರಕಾರ ಕರವನ್ನು ಬಿಟ್ಟಿತೆಂದರೆ ಟಿಕೇಟು ಕೊಳ್ಳದ ನಾಗರಿಕನೂ ಆ ಸಭೆಗೆ ವಂತಿಗೆ ಕೊಟ್ಟಂತಾಯಿತು. ಆಗ ಅವನಿಗೂ ಪ್ರಶ್ನಿಸುವ ಅಧಿಕಾರ ಬಂದಿತು ಎಂಬುದು ಈ ಪ್ರಕರಣದ ತಾತ್ಪರ್ಯ.

ಇಂದಿನ ಕಾನೂನಿನ ಎರಡು ಅಂಶಗಳು ಸಂಘಗಳಿಗೆ ಉಪಯುಕ್ತವಾಗಿವೆ. 2017ರ ಜುಲೈ 1ರಿಂದ ರಾಜ್ಯದ ಮನೋರಂಜನಾ ಕರವು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ತಲೆಗೆ 500 ರೂಪಾಯಿ ಮೀರದ ಸಂಗೀತ, ನಾಟಕಗಳ ಪ್ರವೇಶಕ್ಕೆ ಆ ತೆರಿಗೆಯಿಂದ ವಿನಾಯಿತಿಯಿದೆ. ಎರಡನೆಯದಾಗಿ, ಆದಾಯಕರದ ದೃಷ್ಟಿಯಲ್ಲಿ ಪ್ರತಿಫಲ ಪಡೆದು ಕೊಟ್ಟ ಹಣ ದಾನವಲ್ಲ. ಟಿಕೇಟು ಕೊಂಡವನಿಗೆ ಆಸನವೆಂಬ ಪ್ರತಿಫಲ ದೊರೆತಿದೆ. ಆದುದರಿಂದ ಟಿಕೇಟನ್ನು ದಾನದ ರಸೀತಿಯಂತೆ ಬಳಸಲಾಗದು. ದಾನ ಮಾಡಬಯಸುವವನಿಂದ ಟಿಕೇಟಿನ ಬೆಲೆಯನ್ನು ಬೇರೆಯಾಗಿ, ದಾನವನ್ನು ಬೇರೆಯಾಗಿ ಪಡೆದು ಬೇರೆ ಬೇರೆ ರಸೀತಿ ಕೊಡುವುದೇ ಶುದ್ಧವಾದ ಕ್ರಮ. ಬೆಲೆ ಮತ್ತು ದಾನಗಳನ್ನು ಬಿಡಿಸುವ ಕೆಲಸವನ್ನು ಕಾನೂನು ತಾನಾಗಿಯೇ ಮಾಡಿಕೊಟ್ಟಿದೆ.

ಇಷ್ಟರಿಂದ ನಿಷ್ಪನ್ನವಾಗುವ ವಿಧಿಗಳು ಕೆಲವೇ. ಅವು ಕಠಿಣವೂ ಅಲ್ಲ. ಪಾಸುಗಳ ಸಂಖ್ಯೆಯನ್ನು ಮಾರಾಟಕ್ಕೆ ಮೊದಲೇ ನಿಗದಿಮಾಡಿ ಪ್ರಕಟಿಸತಕ್ಕದ್ದು. ಸಮಿತಿಯವರು ತಮ್ಮ ಆಸನಕ್ಕೆ ತಾವೇ ಹಣ ತೆರತಕ್ಕದ್ದು. ಪ್ರತಿಯೊಂದು ದರ್ಜೆಯಲ್ಲಿಯೂ ಒಂದು ಪಾಲನ್ನು ಪರಿಚಯದ ಪುಸ್ತಕಗಳಿಗೆ ಕೊಡದೆ ಬಹಿರಂಗ ಮಾರಾಟಕ್ಕೆ ಇಡತಕ್ಕದ್ದು. ಕಡಮೆ ದರದ ಟಿಕೇಟುಗಳಿಗೆ ಬೇಡಿಕೆ ಮೀರಿದರೆ ಚೀಟಿಯೆತ್ತಬಹುದು. ಕೊಂಡೂ ಬರಲಾರದವನು ಟಿಕೇಟನ್ನು ಹಿಂದಿರುಗಿಸಲು ಬಾಗಿಲಲ್ಲಿ ಒಂದು ಮೇಜಿರಬೇಕು. ಹಾಗೆ ಬಂದ ಟಿಕೇಟು ಮತ್ತೊಮ್ಮೆ ಮಾರಿದರೆ ಒಂದೇ ಕುರ್ಚಿಯಿಂದ ನಿಧಿಗೆ ಎರಡು ಸಲ ಹಣ ಬರುತ್ತದೆ, ಒಬ್ಬ ರಸಿಕನಿಗೆ ಸಂಗೀತವೂ ದೊರೆಯುತ್ತದೆ. ಹಣವೆಲ್ಲವೂ ಸಂಸ್ಥೆಯ ಹೆಸರಿನ ಪ್ರತ್ಯೇಕ ಖಾತೆಯ ಮೂಲಕವೇ ಹೋಗಬೇಕು. ಯಾರ ಮನೆಯ ಕಪಾಟಿನಲ್ಲಿಯೂ ಒಂದು ರಾತ್ರಿ ಕೂಡ ತಂಗಬಾರದು. ಕೊನೆಯದಾಗಿ, ಅಚ್ಚಾದ ಟಿಕೇಟೆಷ್ಟು, ಮಾರಿದುದೆಷ್ಟು, ಪಾಸೆಷ್ಟು, ಖರ್ಚೆಷ್ಟು, ಸಹಾಯ ಪಡೆದವರಿಗೆ ಮುಟ್ಟಿದುದೆಷ್ಟು ಎಂಬ ಐದು ಸಾಲಿನ ಲೆಕ್ಕವನ್ನು ಒಂದು ತಿಂಗಳೊಳಗೆ ಸೂಚನಾಫಲಕದಲ್ಲಿ ಹಾಕತಕ್ಕದ್ದು.

ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಇಂದಿಗೂ ಪುಸ್ತಕ ಹಿಡಿದು ಮನೆಮನೆಯ ಮೆಟ್ಟಿಲು ಹತ್ತುವ ಕಾರ್ಯಕರ್ತರಿದ್ದಾರೆ. ಜೋಗೇಶ್ವರಿಯ ಚಾಳೊಂದರಲ್ಲಿ ಬಾಗಿಲು ತೆರೆದು, "ಬನ್ನಿ, ಕುಳಿತುಕೊಳ್ಳಿ, ಎಷ್ಟರದ್ದು ಇದೆ?" ಎಂದು ಕೇಳಿ ಇನ್ನೂರು ರೂಪಾಯಿ ತೆಗೆದುಕೊಡುವ ಗೃಹಸ್ಥನು ಗಾಯಕನ ಹೆಸರನ್ನು ನಂಬಿ ಕೊಡುವುದು ಅರ್ಧ, ಬಾಗಿಲಿಗೆ ಬಂದವನನ್ನು ನಂಬಿ ಕೊಡುವುದು ಅರ್ಧ. ಗಾಯಕನು ಹಾಡಿ ತನ್ನ ಪಾಲಿನ ಋಣವನ್ನು ತೀರಿಸುತ್ತಾನೆ. ಉಳಿದರ್ಧವನ್ನು ತೀರಿಸತಕ್ಕದ್ದು ಆ ಐದು ಸಾಲಿನ ಲೆಕ್ಕ. ಅದು ಫಲಕದ ಮೇಲೆ ಬಂದ ಸಂಘದ ಕಾರ್ಯಕರ್ತನಿಗೆ ಮುಂದಿನ ವರ್ಷವೂ ಆ ಬಾಗಿಲು ತೆರೆಯುತ್ತದೆ.